ಮಸಿಕುಡಿಕೆಯ ಮಾತುಗಳು

ಸಂಸ್ಕೃತದ ‘ಹೃ’ ಎಂಬ ಒಂದೇ ಧಾತುವು ಉಪಸರ್ಗಗಳೊಡನೆ ಕೂಡಿ ಆಹಾರವೂ ವಿಹಾರವೂ ಸಂಹಾರವೂ ಪರಿಹಾರವೂ ಆಗುವ ಚಮತ್ಕಾರವನ್ನು ಬಾಲ್ಯದಲ್ಲಿಯೇ ಕಂಡ ಕನ್ನಡಿಗನಿಗೆ, ಹೊರುವುದೆಂಬ ಅರ್ಥದ ಲ್ಯಾಟಿನ್ ಧಾತುವು ಇಂಗ್ಲಿಷಿನಲ್ಲಿ ಇಂಪೋರ್ಟ್, ಎಕ್ಸ್‌ಪೋರ್ಟ್, ಟ್ರಾನ್ಸ್‌ಪೋರ್ಟ್, ರಿಪೋರ್ಟ್ ಎಂದು ವೇಷಾಂತರ ಹೊಂದುವುದು ಅಪರಿಚಿತ ವಿದ್ಯೆಯೆಂದು ತೋರಲಾರದು. ಸೋಜಿಗದ ಸಂಗತಿ ಬೇರೆಯದು: ತಮ್ಮ ತಾಯ್ನುಡಿಯ ಶಬ್ದವನ್ನರಿಯಲು ಪರಭಾಷೆಯ ಬೇರನ್ನು ಅಗೆಯಬೇಕಾದ ಪ್ರಸಂಗ ಸ್ವತಃ ಆಂಗ್ಲರಿಗೇ ಒದಗಿದುದು.

ಲ್ಯಾಟಿನ್ ಆಂಗ್ಲರ ದ್ವೀಪಕ್ಕೆ ಒಮ್ಮೆಗೇ ಬಂದುದಲ್ಲ. ಒಮ್ಮೆ ಕ್ರೈಸ್ತ ಸಂನ್ಯಾಸಿಗಳೊಡನೆ ಬಂದಿತು. 1066ರಲ್ಲಿ ನಾರ್ಮನ್ನರು ಗೆದ್ದ ಮೇಲೆ ಫ್ರೆಂಚಿನ ಬಾಯಲ್ಲಿ ಸವೆದು ಮೃದುವಾಗಿ ಬಂದಿತು. ಹದಿನಾರನೆಯ ಶತಮಾನದ ಪಂಡಿತರು ಪ್ರಾಚೀನ ಗ್ರಂಥಗಳನ್ನು ಅನುವಾದಿಸತೊಡಗಿದಾಗ ನೇರವಾಗಿ ಪುಸ್ತಕದಿಂದಲೇ ಇಳಿದು ಬಂದಿತು. ಆದುದರಿಂದಲೇ ಒಂದೇ ಮೂಲದಿಂದ ಹುಟ್ಟಿದ ‘ರಾಯಲ್’ ಮತ್ತು ‘ರೀಗಲ್’ ಎಂಬೆರಡು ಶಬ್ದಗಳು, ನಮ್ಮಲ್ಲಿ ಬಣ್ಣವೂ ವರ್ಣವೂ ಇರುವಂತೆ, ಒಂದು ತದ್ಭವವಾಗಿಯೂ ಮತ್ತೊಂದು ತತ್ಸಮವಾಗಿಯೂ ಅಲ್ಲಿ ಅಕ್ಕಪಕ್ಕದಲ್ಲಿ ಬಾಳುತ್ತಿವೆ.

ಅಂದಿನ ಗ್ರಾಮರ್ ಶಾಲೆಗಳಲ್ಲಿ ವ್ಯಾಕರಣವೆಂದರೆ ಲ್ಯಾಟಿನ್ ವ್ಯಾಕರಣವೇ. ಎಂಟನೆಯ ಹೆನ್ರಿಯ ಆಜ್ಞೆಯಿಂದ ಅಧಿಕೃತವಾದ, ವಿಲಿಯಂ ಲಿಲಿಯ ಹೆಸರಿನ ಪಠ್ಯವನ್ನು ಬಾಯಿಪಾಠ ಮಾಡಿದ ಹುಡುಗನಿಗೆ ಹೊಸ ಶಬ್ದಗಳ ಅರ್ಥ ತಾನಾಗಿಯೇ ಹೊಳೆಯುತ್ತಿತ್ತು. ಆ ಶಾಲೆಯ ಹೊಸ್ತಿಲನ್ನು ಮೆಟ್ಟದ ವ್ಯಾಪಾರಿಗೂ ಗೃಹಿಣಿಗೂ ಅವು ಅರ್ಥವಾಗದ ಮಂತ್ರಗಳಾಗಿದ್ದುವು. ಪಂಡಿತರ ಮೇಜಿನ ಮೇಲಿನ ಕೊಂಬಿನ ಮಸಿಕುಡಿಕೆಯನ್ನೇ ನೆಪಮಾಡಿಕೊಂಡು ಜನ ಇವನ್ನು ಮಸಿಕುಡಿಕೆಯ ಪದಗಳೆಂದು ಹಳಿದರು. 1553ರಲ್ಲಿ ಥಾಮಸ್ ವಿಲ್ಸನ್ ತನ್ನ ಅಲಂಕಾರಗ್ರಂಥದಲ್ಲಿ ಇಂತಹ ಪದಗಳನ್ನೇ ಕಿಕ್ಕಿರಿಯುವಂತೆ ತುಂಬಿದ ಪತ್ರವೊಂದನ್ನು ಕೊಟ್ಟು ಓದುಗರನ್ನು ನಗಿಸಿದನು. ಕಾಲಪುರುಷನ ವಿನೋದವನ್ನು ನೋಡಿರಿ! ಅಂದು ನಗೆಗೀಡಾದ ‘ಸೆಲಿಬ್ರೇಟ್’, ‘ಡೆಕ್ಸ್‌ಟೆರಿಟಿ’ ಮುಂತಾದುವು ಇಂದು ನಿತ್ಯವ್ಯವಹಾರದ ಮಾತುಗಳು. ಬಲಗೈಯನ್ನು ಸೂಚಿಸುವ ಲ್ಯಾಟಿನ್ ‘ಡೆಕ್ಸ್‌ಟರ್’ ನಮ್ಮ ‘ದಕ್ಷಿಣ’ದ ದಾಯಾದಿಯಾದುದರಿಂದ, ಈ ಎರಡನೆಯದು ನಮಗೆ ದೂರದ ನಂಟನೂ ಹೌದು.

ಕೇಂಬ್ರಿಜ್‌ನಲ್ಲಿ ಗ್ರೀಕ್ ಪ್ರಾಧ್ಯಾಪಕನಾಗಿದ್ದ ಸರ್ ಜಾನ್ ಚೀಕ್ ನಗುವುದರಲ್ಲಿ ತೃಪ್ತನಾಗಲಿಲ್ಲ. ತೀರಿಸದೆ ಸಾಲ ಮಾಡುತ್ತಲೇ ಹೋದರೆ ಭಾಷೆ ದಿವಾಳಿಯಾದೀತೆಂದು 1557ರ ಪತ್ರವೊಂದರಲ್ಲಿ ಎಚ್ಚರಿಸಿದ ಈತನು, ಸುವಾರ್ತೆಯನ್ನು ಅನುವಾದಿಸುವಾಗ ‘ಸೆಂಚೂರಿಯನ್’ಗೆ ‘ಹಂಡ್ರೆಡರ್’ ಎಂದೂ, ‘ಲೂನಟಿಕ್’ಗೆ ‘ಮೂನ್ಡ್’ ಎಂದೂ ಅಚ್ಚ ದೇಶ್ಯರೂಪಗಳನ್ನು ಕಟ್ಟಿದನು. ತತ್ಸಮಗಳನ್ನು ಹೊರಗಿಟ್ಟು ‘ಕಬ್ಬಿಗರ ಕಾವ’ವನ್ನು ರಚಿಸಿದ ನಮ್ಮ ಆಂಡಯ್ಯನು ಇವನಿಗಿಂತ ಮೂರು ಶತಮಾನ ಹಿರಿಯನು; ಇಬ್ಬರ ದಾರಿಯನ್ನೂ ಜನ ಹಿಡಿಯಲಿಲ್ಲ. ಇತ್ತ ಪಂಡಿತರ ಉತ್ಸಾಹ ಕಾಗುಣಿತಕ್ಕೂ ನುಗ್ಗಿತು. ‘ಡೆಟ್’ ಎಂಬ ಸಾಲದ ಶಬ್ದದಲ್ಲಿ ಯಾರೂ ಉಚ್ಚರಿಸದ ‘ಬಿ’ ಅಕ್ಷರವನ್ನು ಲ್ಯಾಟಿನ್ ‘ಡೆಬಿಟುಂ’ನ ಗೌರವಾರ್ಥವಾಗಿ ಸೇರಿಸಿದವರು ಅವರೇ. ಅಚ್ಚ ಇಂಗ್ಲಿಷ್ ಮೂಲದ ‘ಐಲೆಂಡ್’ಗೆ ಇಲ್ಲದ ಲ್ಯಾಟಿನ್ ಸಂಬಂಧವನ್ನು ಕಲ್ಪಿಸಿ ‘ಎಸ್’ ತೊಡಿಸಿದುದಂತೂ ಶುದ್ಧ ಪ್ರಮಾದ. ನಮ್ಮ ಹುಡುಗರು ಇಂದಿಗೂ ಅದಕ್ಕೆ ಅಂಕಗಳಲ್ಲಿ ದಂಡ ತೆರುತ್ತಿದ್ದಾರೆ.

ಲ್ಯಾಟಿನ್ನೆಂಬ ಬೀಗದ ಕೈ ಇಲ್ಲದವರ ಕಷ್ಟವನ್ನು ಕಂಡು ಮರುಗಿದವನು ರಾಬರ್ಟ್ ಕಾಡ್ರಿ. ಮತನಿಷ್ಠೆಯ ಹಠದಿಂದ ಚರ್ಚಿನ ಉದ್ಯೋಗವನ್ನು ಕಳೆದುಕೊಂಡ ಈ ಪಾದ್ರಿ, ಹಿಂದೆ ಓಕಮ್ ಎಂಬ ಊರಿನಲ್ಲಿ ಉಪಾಧ್ಯಾಯನಾಗಿದ್ದವನು. 1604ರಲ್ಲಿ ಈತನು ಸುಮಾರು 2,500 ಕಠಿನ ಶಬ್ದಗಳನ್ನು ಅಕಾರಾದಿಯಾಗಿ ಜೋಡಿಸಿ, ಬಹುತೇಕ ಒಂದೆರಡು ಸುಲಭ ಮಾತುಗಳಲ್ಲಿಯೇ ಅರ್ಥ ಹೇಳಿ ಪ್ರಕಟಿಸಿದ ‘ಟೇಬಲ್ ಆಲ್ಫಬೆಟಿಕಲ್’ ಎಂಬ ಕಿರುಹೊತ್ತಗೆಯು ಇಂಗ್ಲಿಷಿನ ಮೊದಲ ಏಕಭಾಷಾ ನಿಘಂಟು. ಸ್ತ್ರೀಯರಿಗೂ ಇತರ ಅನಿಪುಣರಿಗೂ ಉಪಕಾರವಾಗಲೆಂದು ಸಂಗ್ರಹಿಸಿದುದೆಂದು ಮುಖಪುಟದಲ್ಲಿಯೇ ಸಾರಿದನು. ‘ಎ’ ಇಂದ ಆರಂಭವಾಗುವ ಶಬ್ದವನ್ನು ಮೊದಲಲ್ಲಿ, ‘ವಿ’ ಇಂದ ಆರಂಭವಾಗುವುದನ್ನು ಕೊನೆಯ ಕಡೆಗೆ ಹುಡುಕಬೇಕೆಂದು ಮಗುವಿಗೆ ಹೇಳುವಂತೆ ಹೇಳಿಕೊಟ್ಟನು. ಫ್ರೆಂಚ್ ಶಬ್ದಗಳಿಗೂ ಗ್ರೀಕ್ ಶಬ್ದಗಳಿಗೂ ಬೇರೆ ಬೇರೆ ಚಿಹ್ನೆಗಳನ್ನಿಟ್ಟವನು ಲ್ಯಾಟಿನ್ನಿಗೆ ಮಾತ್ರ ಯಾವ ಚಿಹ್ನೆಯನ್ನೂ ಇಡಲಿಲ್ಲ. ಮನೆಯಲ್ಲೇ ನೆಲೆಸಿಬಿಟ್ಟ ಅತಿಥಿಗೆ ಗುರುತಿನ ಚೀಟಿಯೇತಕ್ಕೆ! ಮೊದಲ ಮುದ್ರಣದ ಒಂದೇ ಒಂದು ಪ್ರತಿ ಈಗ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿ ಉಳಿದಿದೆ.

ಕಾಡ್ರಿ ಅರ್ಥವನ್ನು ಹೇಳಿದನೇ ಹೊರತು ಬೇರನ್ನು ತೋರಿಸಲಿಲ್ಲ. 1656ರಲ್ಲಿ ಥಾಮಸ್ ಬ್ಲೌಂಟನು ‘ಗ್ಲಾಸೊಗ್ರಾಫಿಯ’ದಲ್ಲಿ ಶಬ್ದವ್ಯುತ್ಪತ್ತಿಗಳನ್ನೂ ಕೊಟ್ಟನು. ಹತ್ತೊಂಬತ್ತನೆಯ ಶತಮಾನಕ್ಕೆ, ಪೂರ್ಣ ಲ್ಯಾಟಿನ್ ಕಲಿಯದ ಮಕ್ಕಳಿಗಾಗಿ ಧಾತುಗಳನ್ನೂ ಉಪಸರ್ಗಗಳನ್ನೂ ಮಾತ್ರ ಆಯ್ದ ಪಾಠಪುಸ್ತಕಗಳು ಹುಟ್ಟಿದುವು. ಅಮೆರಿಕದ ವಿಲಿಯಂ ಸ್ವಿಂಟನ್ 1879ರಲ್ಲಿ ಹೊರತಂದ ಪದವಿಶ್ಲೇಷಣೆಯ ಪುಸ್ತಕ ಅಂತಹುದು. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳು 1960ರ ಸುಮಾರಿಗೆ ಪ್ರವೇಶಕ್ಕೆ ಲ್ಯಾಟಿನ್ ಬೇಕೆಂಬ ನಿಯಮವನ್ನೇ ಕೈಬಿಟ್ಟುವು. ಅಷ್ಟರಲ್ಲಿ, 1949ರಲ್ಲಿ ಅಚ್ಚಾದ ನಾರ್ಮನ್ ಲೂಯಿಸನ ‘ವರ್ಡ್ ಪವರ್ ಮೇಡ್ ಈಸಿ’ ಅದೇ ಬೇರುಗಳನ್ನು ಸಾಮಾನ್ಯರ ಕೈಗಿತ್ತಿತ್ತು. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ ಅದನ್ನು ಕೊಳ್ಳುವವನು ಪಂಡಿತನಲ್ಲ. ಕೆಲಸದ ಪರೀಕ್ಷೆಗೆ ಕೂರಲಿರುವ, ಲ್ಯಾಟಿನ್ ಶಾಲೆಯ ಹೆಸರನ್ನೂ ಕೇಳಿರದ, ಕಾಡ್ರಿಯ ಮುಖಪುಟದ ಅದೇ ಅನಿಪುಣನು.