ವಿಮಾನ ಛಾಯಾಗ್ರಹಣ: ಹುಮನಾಬಾದ್, ಬಸವಕಲ್ಯಾಣಗಳ ಆಕಾಶ

ಸ್ವರೂಪ

ಹಾರುವ, ಇಳಿಯುವ ಅಥವಾ ನೆಲದ ಮೇಲೆ ನಿಂತಿರುವ ವಿಮಾನಗಳನ್ನು ಸೆರೆಹಿಡಿಯುವ ಕಲೆಗೆ ವಿಮಾನ ಛಾಯಾಗ್ರಹಣ ಎಂದು ಹೆಸರು. ಹಾರುತ್ತಿರುವ ಒಂದು ವಿಮಾನದಲ್ಲಿ ಕುಳಿತು ಇನ್ನೊಂದನ್ನು ಚಿತ್ರಿಸುವುದು ವೃತ್ತಿನಿರತರ ಕ್ಷೇತ್ರ. ನೆಲದ ಮೇಲೆ ನಿಂತು ಆಕಾಶದತ್ತ ಕ್ಯಾಮೆರಾ ಎತ್ತುವುದು ಹವ್ಯಾಸಿಗಳ ಕ್ಷೇತ್ರ. ವಿಮಾನದ ಮಾದರಿ, ನೋಂದಣಿ ಸಂಖ್ಯೆ, ಅದು ಸೇರಿದ ಸಂಸ್ಥೆ ಇವುಗಳನ್ನು ಕಂಡು ಗುರುತಿಸಿ ಬರೆದಿಡುವ ಸ್ಪಾಟಿಂಗ್ ಹವ್ಯಾಸ ಇದರೊಡನೆಯೇ ಬೆಳೆದು ಬಂದಿದೆ. ಇವೆರಡೂ ಒಬ್ಬರಿಂದ ಪೂರೈಸುವಂಥವಲ್ಲ. ಒಬ್ಬರ ಕಣ್ಣಿಗೆ ತಪ್ಪಿದ್ದು ಇನ್ನೊಬ್ಬರಿಗೆ ಕಾಣುತ್ತದೆ, ಒಬ್ಬರು ತೆಗೆದ ಚಿತ್ರಕ್ಕೆ ಇನ್ನೊಬ್ಬರು ಹೆಸರು ಹೇಳುತ್ತಾರೆ. ಈ ಹವ್ಯಾಸ ತಾನಾಗಿ ಸ್ನೇಹಕೂಟವಾಗುವುದು ಈ ಕಾರಣದಿಂದ.

ಬೀದರಿನ ನೆರೆಯಲ್ಲಿ

ಹುಮನಾಬಾದ್ ಮತ್ತು ಬಸವಕಲ್ಯಾಣ ಪಟ್ಟಣಗಳಿಗೆ ಸ್ವಂತ ವಿಮಾನ ನಿಲ್ದಾಣವಿಲ್ಲ. ಆದರೆ ಅವುಗಳ ಪೂರ್ವಕ್ಕೆ ಭಾರತೀಯ ವಾಯುಪಡೆಯ ಬೀದರ್ ನೆಲೆಯಿದೆ. ನೇರ ರೇಖೆಯಲ್ಲಿ ಅಳೆದರೆ ಹುಮನಾಬಾದಿನಿಂದ ಅದು ಸುಮಾರು 40 ಕಿಲೋಮೀಟರ್, ಬಸವಕಲ್ಯಾಣದಿಂದ ಸುಮಾರು 60 ಕಿಲೋಮೀಟರ್. ಗಂಟೆಗೆ 700 ಕಿಲೋಮೀಟರ್ ವೇಗದಲ್ಲಿ ಸಾಗುವ ಜೆಟ್‌ಗೆ 60 ಕಿಲೋಮೀಟರ್ ಎಂದರೆ ಐದು ನಿಮಿಷದ ದಾರಿ.

ಬೀದರ್ ತರಬೇತಿಯ ನೆಲೆ. ಬ್ರಿಟನ್ ಮೂಲದ ಹಾಕ್ ತರಬೇತಿ ಜೆಟ್ 2008ರಲ್ಲಿ ವಾಯುಪಡೆಯ ಸೇವೆಗೆ ಸೇರಿದ್ದು ಇಲ್ಲಿಯೇ. ಇವುಗಳಲ್ಲಿ ಬಹುಪಾಲನ್ನು ಬೆಂಗಳೂರಿನ ಹಿಂದುಸ್ತಾನ್ ಏರೋನಾಟಿಕ್ಸ್ ಸಂಸ್ಥೆ ಪರವಾನಗಿ ಪಡೆದು ನಿರ್ಮಿಸಿತು. ವಾಯುಪಡೆಯ ಕಸರತ್ತಿನ ತಂಡವಾದ ಸೂರ್ಯಕಿರಣ್ 1996ರಲ್ಲಿ ಹುಟ್ಟಿದ್ದೂ ಬೀದರಿನಲ್ಲಿ. ಆಗ ಅದು ಹಾರಿಸುತ್ತಿದ್ದದ್ದು ದೇಶದಲ್ಲೇ ವಿನ್ಯಾಸಗೊಂಡ ಕಿರಣ್ ವಿಮಾನಗಳನ್ನು. 2011ರ ಏರೋ ಇಂಡಿಯಾ ಪ್ರದರ್ಶನದ ನಂತರ ತಂಡವನ್ನು ನಿಲ್ಲಿಸಲಾಯಿತು. 2015ರಲ್ಲಿ ಹಾಕ್‌ಗಳೊಡನೆ ಅದು ಮರುಜನ್ಮ ಪಡೆದು, ಕ್ರಮೇಣ ಮತ್ತೆ ಒಂಬತ್ತು ವಿಮಾನಗಳ ತಂಡವಾಯಿತು. ಬೆಂಗಳೂರಿನ ಯಲಹಂಕದಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಏರೋ ಇಂಡಿಯಾದಲ್ಲಿ ಜನಸಾಗರ ಕತ್ತೆತ್ತಿ ನೋಡುವ ಕೆಂಪು-ಬಿಳಿ ವಿಮಾನಗಳ ತವರು ಕಲ್ಯಾಣ ಕರ್ನಾಟಕದ ಈ ಜಿಲ್ಲೆ ಎಂಬುದು ನಾಡಿನಲ್ಲಿ ಇನ್ನೂ ಅನೇಕರಿಗೆ ತಿಳಿಯಬೇಕಾದ ಸಂಗತಿ.

ಇದಲ್ಲದೆ ನಾಗರಿಕ ವಿಮಾನಗಳ ಸಂಚಾರವೂ ಉಂಟು. ಭೂಪಟದಲ್ಲಿ ಹೈದರಾಬಾದಿನಿಂದ ಮುಂಬೈಗೆ ನೇರ ಗೆರೆ ಎಳೆದರೆ ಅದು ಈ ಎರಡು ಪಟ್ಟಣಗಳ ಬಹಳ ಸಮೀಪದಲ್ಲಿ ಹಾದುಹೋಗುತ್ತದೆ. ಹೆದ್ದಾರಿಯ ಲಾರಿಗಳು ಹುಮನಾಬಾದನ್ನು ದಾಟಿ ಪಶ್ಚಿಮಕ್ಕೆ ಸಾಗುವಂತೆ, ಹತ್ತು ಕಿಲೋಮೀಟರ್ ಮೇಲೆ ವಿಮಾನಗಳೂ ಸಾಗುತ್ತವೆ.

ದೂರದ ಲೆಕ್ಕ

ಕ್ಯಾಮೆರಾದ ಸಂವೇದಕದ ಮೇಲೆ ವಿಮಾನ ಎಷ್ಟು ದೊಡ್ಡದಾಗಿ ಮೂಡುತ್ತದೆ ಎಂಬುದನ್ನು ಶಾಲೆಯ ಗಣಿತದಿಂದಲೇ ತಿಳಿಯಬಹುದು. ವಿಮಾನದ ಉದ್ದವನ್ನು ಲೆನ್ಸಿನ ಸಂಗಮದೂರದಿಂದ ಗುಣಿಸಿ, ವಿಮಾನ ಇರುವ ದೂರದಿಂದ ಭಾಗಿಸಬೇಕು. ಏರ್‌ಬಸ್ ಎ320 ವಿಮಾನದ ಉದ್ದ 37.57 ಮೀಟರ್. ಅದು 10.7 ಕಿಲೋಮೀಟರ್ ಎತ್ತರದಲ್ಲಿ ನೆತ್ತಿಯ ಮೇಲೆ ಹಾದಾಗ 600 ಮಿಲಿಮೀಟರ್ ಲೆನ್ಸ್ ಅದನ್ನು 2.1 ಮಿಲಿಮೀಟರ್ ಉದ್ದವಾಗಿ ಮೂಡಿಸುತ್ತದೆ. 36 ಮಿಲಿಮೀಟರ್ ಅಗಲದ ಪೂರ್ಣ ಚೌಕಟ್ಟಿನಲ್ಲಿ ಇದು ಹದಿನೇಳನೆಯ ಒಂದು ಭಾಗ. ಹಾಕ್ ವಿಮಾನದ ಉದ್ದ 12.43 ಮೀಟರ್ ಮಾತ್ರ. ಆದರೆ ಅದು ಒಂದು ಕಿಲೋಮೀಟರ್ ದೂರದಲ್ಲಿದ್ದರೆ ಅದೇ ಲೆನ್ಸಿನಲ್ಲಿ ಸುಮಾರು 7.5 ಮಿಲಿಮೀಟರ್ ಉದ್ದವಾಗಿ ಕಾಣುತ್ತದೆ. ವಿಮಾನ ಎಷ್ಟು ದೊಡ್ಡದು ಎಂಬುದಕ್ಕಿಂತ ಎಷ್ಟು ಸಮೀಪದಲ್ಲಿದೆ ಎಂಬುದೇ ಇಲ್ಲಿ ಮುಖ್ಯ.

ಶಟರ್ ವೇಗ ಮತ್ತು ಪ್ಯಾನಿಂಗ್

ಗಂಟೆಗೆ 700 ಕಿಲೋಮೀಟರ್ ವೇಗದ ಜೆಟ್ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ 19 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಶಟರ್ 1/1000 ಸೆಕೆಂಡಿಗೆ ಇದ್ದರೂ ಕ್ಯಾಮೆರಾ ಅಲುಗದೆ ನಿಂತಿದ್ದರೆ ಚಿತ್ರ ಕಲಸುತ್ತದೆ. ಆದ್ದರಿಂದ ವಿಮಾನದ ಓಟಕ್ಕೆ ಸರಿಯಾಗಿ ಕ್ಯಾಮೆರಾವನ್ನೂ ತಿರುಗಿಸುತ್ತ ಹೋಗಬೇಕು. ಇದೇ ಪ್ಯಾನಿಂಗ್. ವಿಮಾನ ಎಲ್ಲಿ ಅತ್ಯಂತ ಸಮೀಪಕ್ಕೆ ಬರುತ್ತದೋ ಆ ದಿಕ್ಕಿಗೆ ಪಾದಗಳನ್ನು ಊರಿ, ಸೊಂಟದ ಮೇಲಿನ ಭಾಗವನ್ನು ಮಾತ್ರ ವಿಮಾನ ಬರುವ ಕಡೆಗೆ ತಿರುಗಿಸಿ ನಿಲ್ಲುತ್ತಾರೆ. ಮೊಣಕೈಗಳು ಪಕ್ಕೆಗೆ ಒತ್ತಿರಬೇಕು, ಎಡ ಅಂಗೈ ಲೆನ್ಸಿನ ಅಡಿಯಲ್ಲಿರಬೇಕು. ವಿಮಾನ ಚೌಕಟ್ಟಿಗೆ ಬರುವ ಮೊದಲೇ ತಿರುಗುವಿಕೆ ಶುರುವಾಗಿರಬೇಕು. ಗುಂಡಿ ಒತ್ತಿದ ಮೇಲೂ ಅದು ನಿಲ್ಲಬಾರದು. ಒತ್ತಿದೊಡನೆ ತೋಳು ನಿಂತುಬಿಡುವುದು ಹೊಸಬರಲ್ಲಿ ಸಾಮಾನ್ಯ, ಅಷ್ಟಕ್ಕೇ ಚಿತ್ರ ಕೈತಪ್ಪುತ್ತದೆ.

ಪ್ರೊಪೆಲ್ಲರ್ ವಿಮಾನಗಳಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಬೀದರಿಗೆ 2020ರ ಫೆಬ್ರವರಿ 7ರಂದು ಪ್ರಾದೇಶಿಕ ವಿಮಾನ ಸಂಪರ್ಕದ ಉಡಾನ್ ಯೋಜನೆಯಡಿ ಬೆಂಗಳೂರಿನಿಂದ ಬಂದ ಟ್ರೂಜೆಟ್ ಸಂಸ್ಥೆಯ ಮೊದಲ ಸೇವೆ ಎಟಿಆರ್ 72 ವಿಮಾನದ್ದು. ಅದರ ಆರು ಅಲಗಿನ ಪ್ರೊಪೆಲ್ಲರ್ ಪೂರ್ಣ ವೇಗದಲ್ಲಿ ನಿಮಿಷಕ್ಕೆ 1200 ಸುತ್ತು, ಅಂದರೆ ಸೆಕೆಂಡಿಗೆ 20 ಸುತ್ತು ತಿರುಗುತ್ತದೆ. 1/1000 ಸೆಕೆಂಡಿನಲ್ಲಿ ಅಲಗು ಸರಿಯುವುದು ಏಳು ಡಿಗ್ರಿ ಮಾತ್ರ. ಚಿತ್ರದಲ್ಲಿ ಪ್ರೊಪೆಲ್ಲರ್ ಕೆಟ್ಟು ನಿಂತಂತೆ ತೋರುತ್ತದೆ. 1/125 ಸೆಕೆಂಡಿಗೆ ಇಳಿಸಿದರೆ ಅಲಗು 58 ಡಿಗ್ರಿ ತಿರುಗಿರುತ್ತದೆ. ಅಲಗಿನಿಂದ ಅಲಗಿಗೆ ಇರುವ ಅಂತರ 60 ಡಿಗ್ರಿಯಾದ್ದರಿಂದ ತುಂಬಿದ ಚಕ್ರದಂತಹ ಚೆಂದದ ನೋಟ ಸಿಗುತ್ತದೆ. ಆದರೆ ಅಷ್ಟು ನಿಧಾನದ ಶಟರಿನಲ್ಲಿ ವಿಮಾನದ ದೇಹ ಮಸುಕಾಗದಂತೆ ನೋಡಿಕೊಳ್ಳುವುದು ಕೈಯ ಸ್ಥಿರತೆಗೆ ಬಿಟ್ಟದ್ದು. ಇಂತಹ ಒಂದು ಚಿತ್ರ ದಕ್ಕಿದರೆ ಜೊತೆಗಾರರೆಲ್ಲ ಕ್ಯಾಮೆರಾದ ಪರದೆಯ ಮೇಲೆ ಬಾಗಿ ನೋಡುತ್ತಾರೆ. ಆ ಸಂತೋಷದಲ್ಲಿ ಎಲ್ಲರಿಗೂ ಪಾಲಿರುತ್ತದೆ.

ಬೆಳಕು ಮತ್ತು ಗಾಳಿ

ಬೀದರ್ ಪೂರ್ವಕ್ಕಿರುವುದರಿಂದ ಬೆಳಗಿನ ಹೊತ್ತು ಆ ಕಡೆ ಕಾಣುವ ವಿಮಾನಗಳ ಬೆನ್ನಿಗೆ ಸೂರ್ಯನಿರುತ್ತಾನೆ. ಚಿತ್ರದಲ್ಲಿ ಉಳಿಯುವುದು ಕಪ್ಪು ಆಕೃತಿ ಮಾತ್ರ. ಆ ಕಡೆಯ ಚಿತ್ರಗಳಿಗೆ ಸಂಜೆಯ ಇಳಿಬಿಸಿಲು ಅನುಕೂಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಾದ ನೆಲದಿಂದ ಏಳುವ ಬಿಸಿಗಾಳಿಯ ಪದರಗಳು ಬೆಳಕನ್ನು ಬಾಗಿಸಿ, ಕೆಳಮಟ್ಟದಲ್ಲಿ ಹಾರುವ ವಿಮಾನದ ಅಂಚುಗಳನ್ನು ಅಲೆಯಂತೆ ಕದಡುತ್ತವೆ. ಎಷ್ಟೇ ಬೆಲೆಯ ಲೆನ್ಸಿಗೂ ಇದಕ್ಕೆ ಪರಿಹಾರ ತಿಳಿಯದು. ಮಳೆಗಾಲ ಮುಗಿದು ಗಾಳಿ ತಿಳಿಯಾಗುವ ದಿನಗಳು, ಹೊಲಗಳಲ್ಲಿ ತೊಗರಿ ಬೆಳೆದು ನಿಲ್ಲುವ ಕಾಲ, ಇಲ್ಲಿನ ಉತ್ತಮ ಋತು. ಎತ್ತರದ ವಿಮಾನಗಳ ಹಿಂದೆ ಮೂಡುವ ಬಿಳಿ ಗೆರೆ ಹೊಗೆಯಲ್ಲ. ಎಂಜಿನ್ನಿನಿಂದ ಹೊರಬಿದ್ದ ನೀರಾವಿ ಸುಮಾರು ಮೈನಸ್ 40 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣನೆಯ ಗಾಳಿಯಲ್ಲಿ ಹಿಮದ ಹರಳಾಗುವುದರಿಂದ ಅದು ಉಂಟಾಗುತ್ತದೆ.

ಸಹವಾಸ

ನಾಗರಿಕ ವಿಮಾನಗಳು ತಮ್ಮ ಗುರುತು, ಸ್ಥಾನ, ಎತ್ತರಗಳನ್ನು 1090 ಮೆಗಾಹರ್ಟ್ಸ್ ಆವರ್ತನದಲ್ಲಿ ನಿರಂತರ ಬಿತ್ತರಿಸುತ್ತವೆ. ಈ ಸಂಕೇತವನ್ನು ಹಿಡಿಯುವ ಚಿಕ್ಕ ಸಾಧನವನ್ನು ಮನೆಯ ಮಾಳಿಗೆಯ ಮೇಲೆ ಇಡಬಹುದು. ಹತ್ತು ಕಿಲೋಮೀಟರ್ ಎತ್ತರದ ವಿಮಾನಕ್ಕೂ ನೆಲಕ್ಕೂ ನಡುವಿನ ದೃಷ್ಟಿರೇಖೆ 350 ಕಿಲೋಮೀಟರ್ ತನಕ ಚಾಚುವುದರಿಂದ, ಅಡ್ಡಿಯಿಲ್ಲದಿದ್ದರೆ ಬಸವಕಲ್ಯಾಣದ ಮಾಳಿಗೆಯೊಂದು ಪುಣೆಯ ತನಕದ ಸಂಚಾರವನ್ನು ಗ್ರಹಿಸಬಲ್ಲದು. ಫ್ಲೈಟ್‌ರಾಡಾರ್24ರಂತಹ ಸೇವೆಗಳು ನಿಂತಿರುವುದು ಜಗತ್ತಿನಾದ್ಯಂತ ಆಸಕ್ತರು ತಮ್ಮ ಮಾಳಿಗೆಗಳಲ್ಲಿ ಇಟ್ಟು ಹಂಚಿಕೊಂಡ ಇಂತಹ ಸಾಧನಗಳ ಮೇಲೆ.

ಆದರೂ ಗೆಳೆಯರ ಕಣ್ಣಿಗೆ ಸಾಟಿಯಿಲ್ಲ. ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಆಕಾಶದ ದೂರ ಸುಮಾರು 22 ಕಿಲೋಮೀಟರ್. ಮುಂಬೈಗೆ ಹೊರಟ ವಿಮಾನ ಅದನ್ನು ಒಂದೂವರೆ ನಿಮಿಷದಲ್ಲಿ ಕ್ರಮಿಸುತ್ತದೆ. ಹುಮನಾಬಾದಿನವರು ಫೋನಿನಲ್ಲಿ “ದಾಟ್ಯಾದ ನೋಡ್ರಿ, ಗೆರೆ ಛಲೋ ಬಿದ್ದದ” ಎಂದರೆ, ಬಸವಕಲ್ಯಾಣದವರು ಮಾಳಿಗೆ ಹತ್ತಿ ಲೆನ್ಸಿನ ಮುಚ್ಚಳ ತೆಗೆಯುವಷ್ಟು ಸಮಯ ಉಳಿದಿರುತ್ತದೆ. ಹೊಸಬರಿಗೆ ಉದ್ದದ ಲೆನ್ಸನ್ನು ಒಂದು ಸಂಜೆಯ ಮಟ್ಟಿಗೆ ಕೊಡುವುದು, ಏರ್‌ಬಸ್ಸಿಗೂ ಬೋಯಿಂಗಿಗೂ ಮೂಗಿನ ಆಕಾರದಲ್ಲಿರುವ ಭೇದವನ್ನು ತೋರಿಸಿಕೊಡುವುದು ಈ ಬಳಗಗಳ ಸಹಜ ಪದ್ಧತಿ.

ಕಾನೂನಿನ ಗೆರೆ

1937ರ ವಿಮಾನ ನಿಯಮಗಳ 13ನೆಯ ನಿಯಮದಂತೆ ಸರ್ಕಾರಿ ವಿಮಾನ ನಿಲ್ದಾಣಗಳಲ್ಲಿ ಅನುಮತಿಯಿಲ್ಲದೆ ಚಿತ್ರ ತೆಗೆಯುವಂತಿಲ್ಲ. ಬೀದರ್ ನಿಲ್ದಾಣ ವಾಯುಪಡೆಯ ನೆಲೆಯೊಳಗೇ ಇರುವುದರಿಂದ ಅಲ್ಲಿ ನಿರ್ಬಂಧ ಇನ್ನೂ ಕಟ್ಟುನಿಟ್ಟು. ನಿಷೇಧಿತ ಸ್ಥಳಗಳ ಚಿತ್ರಣಕ್ಕೆ 1923ರ ಅಧಿಕೃತ ರಹಸ್ಯ ಕಾಯ್ದೆಯೂ ಅನ್ವಯಿಸುತ್ತದೆ. ಗ್ರೀಸಿನ ಕಲಾಮಾಟಾ ವಾಯುನೆಲೆಯಲ್ಲಿ 2001ರಲ್ಲಿ ಬಂಧಿತರಾದ ಬ್ರಿಟಿಷ್ ಮತ್ತು ಡಚ್ ಸ್ಪಾಟರ್‌ಗಳು ಮೊದಲು ಶಿಕ್ಷೆಗೆ ಗುರಿಯಾಗಿ, 2002ರ ಕೊನೆಯಲ್ಲಿ ಮೇಲ್ಮನವಿಯಲ್ಲಿ ಖುಲಾಸೆಗೊಂಡರು. ಹವ್ಯಾಸಿಗಳು ನೆಲೆಯ ಬೇಲಿಯ ಬಳಿಗೆ ಹೋಗದಿರುವುದೇ ಸರಿ. ಸೇನಾ ವಿಮಾನಗಳ ಚಲನವಲನವನ್ನು ಆಯಾ ಕ್ಷಣದಲ್ಲೇ ಹಂಚಿಕೊಳ್ಳಬಾರದು. ಮೇಲೆ ಹೇಳಿದ ಫೋನಿನ ಕರೆ ಪ್ರಯಾಣಿಕ ವಿಮಾನಗಳಿಗೆ ಮಾತ್ರ ಸಲ್ಲುವಂಥದು. ಸೂರ್ಯಕಿರಣ್ ತಂಡವನ್ನು ಸಮೀಪದಿಂದ ಚಿತ್ರಿಸುವ ಆಸೆಯುಳ್ಳವರಿಗೆ ಸಾರ್ವಜನಿಕ ಪ್ರದರ್ಶನಗಳಿವೆ.

ಬಳಕೆ

2000ದ ಜುಲೈ 25ರಂದು ಪ್ಯಾರಿಸಿನ ಬಳಿ ಕಾಂಕಾರ್ಡ್ ವಿಮಾನ ಬಿದ್ದಾಗ, ಅದರ ಎಡ ರೆಕ್ಕೆಯ ಅಡಿಯ ಬೆಂಕಿಯನ್ನು ಜಗತ್ತಿಗೆ ತೋರಿಸಿದ ಚಿತ್ರಗಳಲ್ಲಿ ಒಂದು ಹಂಗೇರಿಯ ವಿಮಾನಾಸಕ್ತರೊಬ್ಬರದು. ಇಂತಹ ಸಂದರ್ಭಗಳು ಅಪರೂಪ. ಇತಿಹಾಸದ ದಾಖಲೆಯಾಗಿ ಈ ಚಿತ್ರಗಳ ಉಪಯೋಗವೇ ಹೆಚ್ಚು ವ್ಯಾಪಕ. ಸೂರ್ಯಕಿರಣ್ ತಂಡದ ಕಿರಣ್ ವಿಮಾನಗಳು ಈಗ ಚಿತ್ರಗಳಲ್ಲಿ ಮಾತ್ರ ರಚನೆಗಟ್ಟಿ ಹಾರುತ್ತವೆ. ಬೀದರಿಗೆ ಮೊದಲು ಬಂದ ಟ್ರೂಜೆಟ್ ಸೇವೆಯೂ ನಿಂತುಹೋಗಿದೆ. ಕಂಪನಿ ಮುಚ್ಚಿದಾಗ ವಿಮಾನ ಬೇರೊಬ್ಬರ ಕೈಸೇರಿ ಬಣ್ಣ ಬದಲಿಸುತ್ತದೆ. ಹೊರದೇಶಕ್ಕೆ ಹೋದರೆ ಭಾರತದ ವಿಟಿ ಅಕ್ಷರಗಳಿಂದ ಆರಂಭವಾಗುವ ನೋಂದಣಿಯನ್ನೂ ಕಳೆದುಕೊಳ್ಳುತ್ತದೆ. ಆದ್ದರಿಂದ ಚಿತ್ರದೊಡನೆ ದಿನಾಂಕ, ಸ್ಥಳ ಮತ್ತು ನೋಂದಣಿ ಸಂಖ್ಯೆಗಳನ್ನು ಅಂದೇ ಬರೆದಿಡುವ ರೂಢಿಯನ್ನು ಅನುಭವಿಗಳು ಹೊಸಬರಿಗೆ ಮೊದಲ ದಿನವೇ ಕಲಿಸುತ್ತಾರೆ.