ಚಳಿಗಾಲದಲ್ಲಿ ಸರೀಸೃಪಗಳ ಸಾಗಣೆ

ಚಳಿಗಾಲದಲ್ಲಿ ಸರೀಸೃಪಗಳ ಸಾಗಣೆ ಎಂದರೆ ಹಾವು, ಹಲ್ಲಿ, ಆಮೆ ಮುಂತಾದ ಸಾಕುಪ್ರಾಣಿಗಳನ್ನು ತಂಪು ಹವೆಯಲ್ಲಿ ಜೀವಂತವಾಗಿ ಒಂದು ಸ್ಥಳದಿಂದ ಮತ್ತೊಂದು ಸ್ಥಳಕ್ಕೆ ಕಳುಹಿಸುವ ಕ್ರಮ. ಸರೀಸೃಪಗಳು ಶೀತರಕ್ತ ಪ್ರಾಣಿಗಳು. ಸಸ್ತನಿಗಳಂತೆ ದೇಹದೊಳಗೆ ಸಾಕಷ್ಟು ಶಾಖವನ್ನು ಉತ್ಪಾದಿಸಿಕೊಳ್ಳಲಾರವು. ಬಿಸಿಲು ಅಥವಾ ಬೆಚ್ಚನೆಯ ನೆಲೆಯನ್ನು ಅರಸಿ ಮೈ ಕಾಯಿಸಿಕೊಳ್ಳುತ್ತವೆ. ಮುಚ್ಚಿದ ಪೆಟ್ಟಿಗೆಯಲ್ಲಿ ಈ ಅವಕಾಶ ಇರುವುದಿಲ್ಲ. ಆದ್ದರಿಂದ ಅವುಗಳ ಜೀವ ಪೆಟ್ಟಿಗೆಯೊಳಗಿನ ತಾಪಮಾನವನ್ನು ಅವಲಂಬಿಸಿರುತ್ತದೆ.

ಚಳಿಯ ಪರಿಣಾಮ

ದೇಹ ತಣ್ಣಗಾದಂತೆ ಉಸಿರಾಟ ಮತ್ತು ಜೀರ್ಣಕ್ರಿಯೆ ನಿಧಾನವಾಗುತ್ತವೆ. ಹೊಟ್ಟೆಯಲ್ಲಿರುವ ಆಹಾರ ಜೀರ್ಣವಾಗದೆ ಕೊಳೆಯಬಹುದು. ಈ ಕಾರಣದಿಂದ ಹಾವುಗಳಿಗೆ ಪ್ರಯಾಣಕ್ಕೆ ಮುನ್ನ ಸುಮಾರು ಒಂದು ವಾರ ಆಹಾರ ನೀಡುವುದಿಲ್ಲ. ಚಳಿಗೆ ಸಿಕ್ಕ ಪ್ರಾಣಿಗಳಲ್ಲಿ ಶ್ವಾಸಕೋಶದ ಸೋಂಕು ಕಾಣಿಸಿಕೊಳ್ಳುವುದುಂಟು. ಕರ್ನಾಟಕದ ಬೀದರ್, ವಿಜಯಪುರ ಜಿಲ್ಲೆಗಳಲ್ಲಿ ಡಿಸೆಂಬರ್–ಜನವರಿಯ ರಾತ್ರಿಗಳಲ್ಲಿ ತಾಪಮಾನ ಕೆಲವೊಮ್ಮೆ 10 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿಯುತ್ತದೆ. ಉಷ್ಣವಲಯದ ಅನೇಕ ಪ್ರಭೇದಗಳಿಗೆ ಇಷ್ಟು ಚಳಿಯೂ ಅಪಾಯಕಾರಿ.

ಪೆಟ್ಟಿಗೆಯ ಸಿದ್ಧತೆ

ರಟ್ಟಿನ ಪೆಟ್ಟಿಗೆಯ ಒಳಭಾಗಕ್ಕೆ ಥರ್ಮಾಕೋಲ್ ಹಾಳೆಗಳನ್ನು ಹೊಂದಿಸಲಾಗುತ್ತದೆ. ಹಾವನ್ನು ಬಟ್ಟೆಯ ಚೀಲದಲ್ಲಿ, ಸಣ್ಣ ಹಲ್ಲಿಯನ್ನು ರಂಧ್ರಗಳುಳ್ಳ ಡಬ್ಬಿಯಲ್ಲಿ ಪ್ರತ್ಯೇಕವಾಗಿ ಇರಿಸಿ, ಅಲುಗಾಡದಂತೆ ಸುತ್ತಲೂ ಕಾಗದ ತುಂಬುತ್ತಾರೆ. ನೀರಿನ ಬಟ್ಟಲು ಇಡುವುದಿಲ್ಲ. ಚೆಲ್ಲಿದ ನೀರು ಪ್ರಾಣಿಯನ್ನು ಮತ್ತಷ್ಟು ತಣ್ಣಗಾಗಿಸುತ್ತದೆ.

ಶಾಖಕ್ಕಾಗಿ ಬಳಸುವ ಹೀಟ್ ಪ್ಯಾಕ್‌ನಲ್ಲಿ ಕಬ್ಬಿಣದ ಪುಡಿ ಇರುತ್ತದೆ. ಅದು ಆಮ್ಲಜನಕದೊಡನೆ ವರ್ತಿಸಿ ಬಿಸಿಯಾಗುವುದರಿಂದ ಪೆಟ್ಟಿಗೆಗೆ ಗಾಳಿರಂಧ್ರಗಳು ಅನಿವಾರ್ಯ. ಪ್ಯಾಕ್ ಪ್ರಾಣಿಗೆ ನೇರವಾಗಿ ತಾಗಿದರೆ ಸುಟ್ಟಗಾಯವಾಗುತ್ತದೆ. ಅತಿಯಾದ ಶಾಖವು ಚಳಿಗಿಂತ ಬೇಗ ಕೊಲ್ಲಬಲ್ಲದು. ಆದ್ದರಿಂದ ಅದನ್ನು ಕಾಗದದಲ್ಲಿ ಸುತ್ತಿ ಮುಚ್ಚಳದ ಒಳಬದಿಗೆ ಅಂಟಿಸುತ್ತಾರೆ. ಹೊರಡುವ ಮತ್ತು ತಲುಪುವ ಎರಡೂ ಊರುಗಳ ಹವಾಮಾನವನ್ನು ನೋಡಿ ದಿನ ನಿಗದಿಪಡಿಸುವುದು, ತೀವ್ರ ಚಳಿಯಿದ್ದರೆ ಸಾಗಣೆಯನ್ನೇ ಮುಂದೂಡುವುದು ಸುರಕ್ಷಿತ ಕ್ರಮ.

ತಲುಪಿದ ನಂತರ

ಪ್ರಾಣಿಯನ್ನು ತಕ್ಷಣ ಬೆಂಕಿ ಅಥವಾ ದೀಪದ ಮುಂದೆ ಇಡಬಾರದು. ಕೋಣೆಯ ಉಷ್ಣತೆಯಲ್ಲಿ ನಿಧಾನವಾಗಿ ಬೆಚ್ಚಗಾಗಿಸಿ, ಮೊದಲು ನೀರನ್ನೂ ಕೆಲವು ದಿನಗಳ ನಂತರ ಆಹಾರವನ್ನೂ ನೀಡಲಾಗುತ್ತದೆ.

ಕಾನೂನು

ವಿಮಾನ ಸಾಗಣೆಗೆ ಅಂತರರಾಷ್ಟ್ರೀಯ ವಾಯು ಸಾರಿಗೆ ಸಂಘದ ಜೀವಂತ ಪ್ರಾಣಿ ನಿಯಮಗಳು ಅನ್ವಯಿಸುತ್ತವೆ. ಭಾರತದಲ್ಲಿ ಪ್ರಾಣಿಗಳಿಗೆ ಅನಗತ್ಯ ನೋವಾಗುವಂತೆ ಸಾಗಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಡಿ ಅಪರಾಧ. ನಕ್ಷತ್ರ ಆಮೆ, ಹೆಬ್ಬಾವು ಮೊದಲಾದ ದೇಶೀಯ ಸರೀಸೃಪಗಳಿಗೆ 1972ರ ವನ್ಯಜೀವಿ (ಸಂರಕ್ಷಣೆ) ಕಾಯಿದೆಯ ರಕ್ಷಣೆಯಿದ್ದು, ಅವುಗಳನ್ನು ಸಾಕಲು ಅವಕಾಶವಿಲ್ಲ. ಈ ಕಾಯಿದೆಯ 2022ರ ತಿದ್ದುಪಡಿ ಮತ್ತು 2024ರ ನಿಯಮಗಳಂತೆ, ಸೈಟಿಸ್ ಒಪ್ಪಂದದ ಅನುಬಂಧಗಳಿಂದ ಕಾಯಿದೆಯ ಪಟ್ಟಿಗೆ ಸೇರಿಸಲಾದ ವಿದೇಶಿ ಪ್ರಭೇದಗಳನ್ನು ಹೊಂದಿರುವವರು ನೋಂದಣಿ ಮಾಡಿಸಬೇಕು.

ಕರ್ನಾಟಕದಲ್ಲಿ

2018ರ ನವೆಂಬರ್‌ನಲ್ಲಿ, ಕಳ್ಳಸಾಗಣೆಯಾಗಿ ಸಿಂಗಾಪುರದಲ್ಲಿ ರಕ್ಷಿಸಲ್ಪಟ್ಟಿದ್ದ 51 ನಕ್ಷತ್ರ ಆಮೆಗಳನ್ನು ವಿಮಾನದ ಮೂಲಕ ಬೆಂಗಳೂರಿಗೆ ಮರಳಿ ತರಲಾಯಿತು. ಇದಕ್ಕೆ ವ್ಯತಿರಿಕ್ತವಾಗಿ, 2024ರ ಏಪ್ರಿಲ್‌ನಲ್ಲಿ ಬ್ಯಾಂಕಾಕ್‌ನಿಂದ ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಬಂದ ಪ್ರಯಾಣಿಕನೊಬ್ಬನ ಸಾಮಾನಿನಲ್ಲಿ ಅಡಗಿಸಿಟ್ಟಿದ್ದ 10 ಹಳದಿ ಅನಕೊಂಡಗಳನ್ನು ಸುಂಕ ಇಲಾಖೆ ವಶಪಡಿಸಿಕೊಂಡಿತು. ಹೀಗೆ ಸಾಮಾನಿನ ನಡುವೆ ಬಚ್ಚಿಟ್ಟು ತರುವಾಗ ಗಾಳಿಯಾಗಲಿ, ತಾಪಮಾನವಾಗಲಿ ನಿಯಂತ್ರಣದಲ್ಲಿರುವುದಿಲ್ಲ. ಅಕ್ರಮ ಸಾಗಣೆಯಲ್ಲಿ ಪ್ರಾಣಿಗಳು ಸಾಯಲು ಇದೂ ಒಂದು ಕಾರಣ.