ಕಿತ್ತಳೆ ಯುದ್ಧ ಮತ್ತು ಗಿರಣಿಯವನ ಮಗಳು

ಎಲೆಕ್ಟ್ರಾನಿಕ್ಸ್ ಜೊತೆ ಆಟ ಆಡಿದವರಿಗೆಲ್ಲ ಆರ್ಡುಯಿನೋ ಬೋರ್ಡ್ ಗೊತ್ತಿರುತ್ತೆ. ಅದು 2005ರಲ್ಲಿ ಹುಟ್ಟಿದ್ದು ಉತ್ತರ ಇಟಲಿಯ ಇವ್ರೇಯಾ ಎಂಬ ಊರಲ್ಲಿ. ಹೆಸರು ಬಂದದ್ದು ಅಲ್ಲಿನ ಒಂದು ಬಾರಿನಿಂದ. ಆ ಬಾರಿಗೆ ಹೆಸರು 1002ರಲ್ಲಿ ಪಟ್ಟವೇರಿದ ಅರ್ದುಯಿನ್ ಎಂಬ ದೊರೆಯಿಂದ! ಟೈಪ್‌ರೈಟರ್ ಮಾಡುತ್ತಿದ್ದ ಒಲಿವೆಟ್ಟಿ ಕಂಪನಿ 1908ರಲ್ಲಿ ಶುರುವಾದದ್ದೂ ಇಲ್ಲೇ. ಊರಿನ ಚರಿತ್ರೆ ಕೆದಕೋಕೆ ನನಗೆ ಇಷ್ಟು ಸಾಕಾಯ್ತು. ಸಿಕ್ಕಿದ್ದು ಮಾತ್ರ ಕಿತ್ತಳೆ ಹಣ್ಣು :-)

ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು ಶುರುವಾಗುವ ಮೊದಲು ಇಲ್ಲಿ ಕಾರ್ನಿವಲ್ ನಡೆಯುತ್ತೆ. ಭಾನುವಾರದಿಂದ ಮಂಗಳವಾರದವರೆಗೆ ಮೂರು ದಿನ ಕಿತ್ತಳೆ ಯುದ್ಧ. ಕುದುರೆ ಗಾಡಿಗಳ ಮೇಲೆ ಮುಖವಾಡ ಹಾಕಿ ನಿಂತವರು ದೊರೆಯ ಸೈನಿಕರು. ನೆಲದ ಮೇಲೆ ಯಾವ ರಕ್ಷಣೆಯೂ ಇಲ್ಲದೆ ನಿಂತ ಒಂಬತ್ತು ತಂಡಗಳು ಪ್ರಜೆಗಳು. ಎರಡೂ ಕಡೆಯಿಂದ ಹಣ್ಣಿನ ಸುರಿಮಳೆ. ನೋಡೋಕೆ ಬಂದವರು ಕೆಂಪು ಟೋಪಿ ಹಾಕಿಕೊಂಡರೆ ಅವರಿಗೆ ಗುರಿಯಿಟ್ಟು ಹೊಡೆಯುವಂತಿಲ್ಲ.

ಇದರ ಹಿಂದಿನ ಕಥೆ ಹೀಗಿದೆ. ಊರಿನ ದುಷ್ಟ ದೊರೆ ಪ್ರತಿ ಮದುವಣಗಿತ್ತಿಯ ಮೊದಲ ರಾತ್ರಿ ತನ್ನದು ಅಂತಿದ್ದನಂತೆ. ಗಿರಣಿಯವನ ಮಗಳು ವಯೊಲೆಟ್ಟಾ ಒಳಗೆ ಹೋದವಳು ಅವನ ತಲೆಯನ್ನೇ ಕತ್ತರಿಸಿದಳು. ಜನ ದಂಗೆಯೆದ್ದು ಕೋಟೆ ಸುಟ್ಟರು.

ಇದರಲ್ಲಿ ನಿಜವೆಷ್ಟು? 1194ರಲ್ಲಿ ಜನ ದಂಗೆಯೆದ್ದು ಕೋಟೆ ಕೆಡವಿದ್ದು ನಿಜ. ಆದರೆ ಆ 'ಮೊದಲ ರಾತ್ರಿಯ ಹಕ್ಕು' ಯುರೋಪಿನಲ್ಲಿ ಕಾನೂನಾಗಿ ಇತ್ತು ಎಂಬುದನ್ನೇ ಇತಿಹಾಸಕಾರರು ಕಟ್ಟುಕಥೆ ಅಂತಾರೆ. ಕಾರ್ನಿವಲ್‌ಗೆ ವಯೊಲೆಟ್ಟಾ ಕಾಲಿಟ್ಟಿದ್ದು 1858ರಲ್ಲಿ! ಅದಕ್ಕೂ ಮುಂಚೆ, 1808ರಲ್ಲಿ, ಬೇರೆ ಬೇರೆ ಕೇರಿಗಳ ಉತ್ಸವಗಳನ್ನು ಒಂದು ಮಾಡಿದ್ದು ನೆಪೋಲಿಯನ್ನನ ಆಡಳಿತ. ಮೆರವಣಿಗೆಯ 'ಜನರಲ್' ಇವತ್ತಿಗೂ ಅದೇ ಕಾಲದ ಸಮವಸ್ತ್ರ ತೊಡುತ್ತಾನೆ. ಕೆಂಪು ಟೋಪಿ ಫ್ರೆಂಚ್ ಕ್ರಾಂತಿಯದ್ದು. ಕಿತ್ತಳೆ ತಂಡಗಳು ಎರಡನೇ ಮಹಾಯುದ್ಧದ ನಂತರದವು.

ಹಳೇ ಪ್ರಾಜೆಕ್ಟಿನ ಕೋಡ್ ಇದ್ದ ಹಾಗೆ ನೋಡಿ. ಬಂದವರೆಲ್ಲ ತಮ್ಮದೊಂದಿಷ್ಟು ಸೇರಿಸಿದ್ದಾರೆ, ಹಳೆಯದನ್ನು ಅಳಿಸೋ ಧೈರ್ಯ ಯಾರಿಗೂ ಇಲ್ಲ! ಸ್ವಾತಂತ್ರ್ಯದ ಹಬ್ಬಕ್ಕೆ ಆಕ್ರಮಿಸಿಕೊಂಡವರ ಸಮವಸ್ತ್ರ ಬೇರೆ.

ಹಾಗಾದರೆ ವಯೊಲೆಟ್ಟಾ ಸುಳ್ಳಾ? ನನಗೆ ಹಾಗನ್ನಿಸಲ್ಲ. 1858 ಅಂದರೆ ಚೂರುಚೂರಾಗಿದ್ದ ಇಟಲಿ ಒಂದಾಗಲು ತವಕಿಸುತ್ತಿದ್ದ ಕಾಲ. ಮೂರೇ ವರ್ಷಕ್ಕೆ, 1861ರಲ್ಲಿ, ಒಂದಾಯಿತು ಕೂಡ. ಅಂಥ ಹೊತ್ತಲ್ಲಿ ಜನಕ್ಕೆ ದೊರೆಗೆ 'ಆಗಲ್ಲ' ಅಂದ ಸಾಮಾನ್ಯ ಹುಡುಗಿಯೊಬ್ಬಳು ಬೇಕಿದ್ದಳು. ಅವಳ ಕಥೆ 1194ರ ಬಗ್ಗೆ ಏನೂ ಹೇಳದಿರಬಹುದು, 1858ರ ಬಗ್ಗೆ ಬಹಳ ಹೇಳುತ್ತೆ. ಐತಿಹ್ಯಗಳನ್ನು ಓದುವಾಗ 'ಇದು ನಡೆದಿತ್ತಾ' ಅನ್ನೋದರ ಜೊತೆಗೆ 'ಇದನ್ನು ಯಾವಾಗ, ಯಾಕೆ ಹೇಳೋಕೆ ಶುರುಮಾಡಿದರು' ಅಂತಲೂ ಕೇಳಬೇಕು.

ಕಾರ್ನಿವಲ್‌ನ ಭಾನುವಾರ ಬೆಳಿಗ್ಗೆ ಹಳೇ ಸೇತುವೆಯ ಮೇಲಿಂದ ಆ ಕೋಟೆಯ ಒಂದು ಕಲ್ಲನ್ನು ದೋರಾ ನದಿಗೆ ಎಸೆಯುತ್ತಾರೆ, ಅದನ್ನು ಮತ್ತೆ ಕಟ್ಟಲು ಬಿಡೆವು ಅಂತ. ಎಂಟುನೂರು ವರ್ಷ ಕಳೆದರೂ ಅವರಿಗೆ ಆ ಮಾತು ಹಳೆಯದಾಗಿಲ್ಲ.

ನಿಮ್ಮೂರ ಜಾತ್ರೆಯ ಕಥೆ ಯಾವ ಕಾಲದ್ದು? ಕೆದಕಿ ನೋಡಿ, ಸಿಕ್ಕಿದ್ದನ್ನು ಬರೀರಿ.